ಸ್ಪ್ಯಾನರಿನಿಂದ ಸ್ಕ್ಯಾನರಿಗೆ

ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1999ರ ಕೊನೆಯಲ್ಲಿ. ಅಲ್ಲಿಂದ ಹೊರಬಂದ ಮೊದಲ ವಾಹನ ಕ್ವಾಲಿಸ್. ಅದರ 2.4 ಲೀಟರ್ ಡೀಸೆಲ್ ಎಂಜಿನ್ ಹಳೆಯ ಜಾಯಮಾನದ್ದು. ಟರ್ಬೊ ಇರಲಿಲ್ಲ. ಡೀಸೆಲ್ಲನ್ನು ಅಳೆದು ಸಿಲಿಂಡರಿಗೆ ಕಳಿಸುತ್ತಿದ್ದುದು ಎಂಜಿನ್ನಿನಿಂದಲೇ ತಿರುಗುವ ಪಂಪು. ಶಕ್ತಿ ಸುಮಾರು 75 ಅಶ್ವಶಕ್ತಿ. ಕೆಟ್ಟರೆ ರಾಮನಗರದಲ್ಲೋ ಮಾಗಡಿಯಲ್ಲೋ ರಸ್ತೆ ಬದಿಯ ಗ್ಯಾರೇಜಿನವರು ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ರೋಗ ಹೇಳಬಹುದಾಗಿತ್ತು.

ಅದೇ 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಹೊಸ ಖಾಸಗಿ ಕಾರುಗಳಿಗೆ ಯೂರೋ ಮಾದರಿಯ ಹೊಗೆ ಮಿತಿಯನ್ನು ಕಡ್ಡಾಯ ಮಾಡಿತ್ತು. ಮುಂದೆ ಭಾರತ್ ಸ್ಟೇಜ್ ಮಿತಿಗಳು ಒಂದರ ಹಿಂದೊಂದು ಬಂದವು.

ಕೊಳ್ಳುವವರೂ ಸುಮ್ಮನಿರಲಿಲ್ಲ. ಏಳೆಂಟು ಜನ ಕೂತು, ಎ.ಸಿ. ಹಾಕಿಕೊಂಡು ಘಾಟಿ ಹತ್ತಬೇಕು. ಮೈಲೇಜ್ ಮಾತ್ರ ಇಳಿಯಬಾರದು, ಒಳಗೆ ಸದ್ದು ಕೇಳಬಾರದು! 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಬಂದ ಇನ್ನೋವಾದಲ್ಲಿ ಎಂಜಿನ್ ಗಾತ್ರ ಹೆಚ್ಚುಕಡಿಮೆ ಅಷ್ಟೇ, ಶಕ್ತಿ ಮಾತ್ರ 102. ಹೊಗೆಯ ಬಲದಿಂದ ತಿರುಗಿ ಗಾಳಿ ತುಂಬುವ ಟರ್ಬೊ, ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್, ಎಷ್ಟು ಹೊತ್ತಿಗೆ ಎಷ್ಟು ಚಿಮ್ಮಬೇಕೆಂದು ಹೇಳುವ ಕಂಪ್ಯೂಟರ್ ಇವು ಸೇರಿದ್ದರಿಂದ ಇದು ಸಾಧ್ಯವಾಯಿತು.

ಡೀಸೆಲ್ಲಿನ ನಿಜವಾದ ಇಕ್ಕಟ್ಟು ಬೇರೆಯೇ. ಸಿಲಿಂಡರಿನ ಬಿಸಿ ಹೆಚ್ಚಿದರೆ ನೈಟ್ರೋಜನ್ ಆಕ್ಸೈಡುಗಳು ಹೆಚ್ಚುತ್ತವೆ. ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ಬಿಟ್ಟು ಬಿಸಿ ತಗ್ಗಿಸಿದರೆ ಮಸಿ ಹೆಚ್ಚುತ್ತದೆ. ಒಂದನ್ನು ಅದುಮಿದರೆ ಇನ್ನೊಂದು ಏಳುತ್ತದೆ. ಐದನೆಯ ಹಂತವನ್ನು ಹಾರಿ 2020ರ ಏಪ್ರಿಲ್ 1ರಂದು ಬಂದ ಬಿ.ಎಸ್. 6 ಎರಡನ್ನೂ ಒಟ್ಟಿಗೆ ಅದುಮಿತು. ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ, ಮಸಿಯ ಮಿತಿ 25ರಿಂದ 4.5ಕ್ಕೆ ಇಳಿಯಿತು. ಹಾಗಾಗಿ ಮಸಿ ಹಿಡಿಯುವ ಫಿಲ್ಟರ್ ಬಂತು. ಅದು ತುಂಬಿದಾಗ ಮಸಿಯನ್ನು ಸುಡಬೇಕು, ಸುಡಲು ಹೊಗೆ ಚೆನ್ನಾಗಿ ಕಾಯಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡುವ ಕಾರಿಗೆ ಇದು ಸುಲಭ. ಮನೆಯಿಂದ ಮಾರುಕಟ್ಟೆಗೆ ಹೋಗಿಬರುವ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತುತ್ತದೆ.

ಸಣ್ಣ ಕಾರಿಗೆ ಇಷ್ಟೆಲ್ಲ ಕಟ್ಟಿದರೆ ಬೆಲೆ ಗಿಟ್ಟದು. ಟೊಯೊಟಾ ಎಟಿಯೋಸ್ ಡೀಸೆಲ್ 2020ರಲ್ಲಿ ನಿಂತಿತು, ಮಾರುತಿಯಂತೂ ಡೀಸೆಲ್ಲನ್ನೇ ಬಿಟ್ಟಿತು. ಗಾಳಿ ತಿಳಿಯಾಗಬೇಕೆಂಬುದರಲ್ಲಿ ತಕರಾರಿಲ್ಲ. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವರು ಕನಕಪುರ, ಚನ್ನಪಟ್ಟಣಗಳಂಥ ಊರುಗಳ ಗ್ಯಾರೇಜಿನವರು ಎಂಬುದನ್ನು ಯಾರೂ ಲೆಕ್ಕ ಹಾಕಿಲ್ಲ. ಕಿವಿಯ ಅನುಭವ ಈಗ ಅರ್ಧ ಸಾಕು; ಉಳಿದರ್ಧಕ್ಕೆ ದೋಷದ ಸಂಕೇತ ಓದುವ ಸ್ಕ್ಯಾನರ್ ಕೊಳ್ಳಬೇಕು.

2022ರ ನವೆಂಬರಿನಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ನಲ್ಲಿ ಡೀಸೆಲ್ಲೇ ಇಲ್ಲ. ಅದರ ಹೈಬ್ರಿಡ್ ಮಾದರಿಯಲ್ಲಿ ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಮೋಟಾರು ಜೊತೆಯಾಗಿದೆ. ಬಾನೆಟ್ ಎತ್ತಿದರೆ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಕಾಣುತ್ತವೆ. ಅವುಗಳಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವಿದ್ಯುತ್ತು. ತರಬೇತಿ ಇಲ್ಲದವರು ಕೈ ಹಾಕುವಂತಿಲ್ಲ.