ಮಗುವನ್ನು ಪ್ರತ್ಯೇಕ ಕೋಣೆಯಲ್ಲಿ ಮಲಗಿಸುವ ಬಗ್ಗೆ ಪೋಷಕರಿಗೆ ಮಾಹಿತಿ

ಮಗುವಿನ ಬೆಳವಣಿಗೆಗೆ ಪೌಷ್ಟಿಕ ಆಹಾರದಷ್ಟೇ ನಿದ್ರೆಯೂ ಅವಶ್ಯಕವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹಗಲು ನಿದ್ರೆಯೂ ಸೇರಿದಂತೆ 1ರಿಂದ 2 ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ಹಾಗೂ 3ರಿಂದ 4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ರೆ ಬೇಕಾಗುತ್ತದೆ.

ನಮ್ಮಲ್ಲಿ ಮಕ್ಕಳು ತಾಯಿಯ ಮಗ್ಗುಲಲ್ಲಿ ಅಥವಾ ನಡುಮನೆಯಲ್ಲಿ ಅಜ್ಜಿಯ ಕೌದಿಯೊಳಗೆ ಮಲಗಿ ಬೆಳೆಯುವುದು ತಲೆಮಾರುಗಳಿಂದ ಬಂದ ರೂಢಿ. ಇದು ದೋಷವಲ್ಲ. ಮಗುವಿಗೆ ಪ್ರತ್ಯೇಕ ಕೋಣೆ ಇಲ್ಲವೆಂದು ಯಾವ ತಂದೆತಾಯಿಯೂ ಕೊರಗಬೇಕಾಗಿಲ್ಲ. ಆದರೆ ಎರಡನೆಯ ಮಗುವಿನ ಜನನ, ಹೊಸ ಮನೆಗೆ ಸ್ಥಳಾಂತರ, ಪೋಷಕರ ರಾತ್ರಿ ಪಾಳಿಯ ಕೆಲಸ ಮುಂತಾದ ಕಾರಣಗಳಿಂದ ಮಗುವನ್ನು ಬೇರೆಯಾಗಿ ಮಲಗಿಸುವ ಸಂದರ್ಭ ಒದಗಬಹುದು. ಅಂತಹ ಪೋಷಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಯಾವಾಗ ಆರಂಭಿಸಬೇಕು?

ಹಸುಳೆಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ. ಕನಿಷ್ಠ 6 ತಿಂಗಳವರೆಗೆ ಮಗುವು ತಾಯಿಯ ಕೋಣೆಯಲ್ಲಿಯೇ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗುವುದು ಸುರಕ್ಷಿತ. ಸುಮಾರು 8 ತಿಂಗಳಿನಿಂದ ತಾಯಿ ಕಣ್ಮರೆಯಾದರೆ ಅಳುವ ಅಗಲಿಕೆಯ ಆತಂಕ ಕಾಣಿಸಿಕೊಳ್ಳುತ್ತದೆ; ವರ್ಷ ಕಳೆದಂತೆ ಅದು ಕಡಿಮೆಯಾಗುತ್ತದೆ. ಇಂತಿಷ್ಟೇ ವಯಸ್ಸೆಂದು ನಿಗದಿಪಡಿಸಲು ಬರುವುದಿಲ್ಲವಾದರೂ, ತನಗೆ ಬೇಕಾದುದನ್ನು ಮಾತಿನಲ್ಲಿ ತಿಳಿಸಬಲ್ಲ, ತಾನಾಗಿ ಎದ್ದು ಪೋಷಕರ ಬಳಿಗೆ ಬರಬಲ್ಲ ಮಗುವಿನೊಂದಿಗೆ ಪ್ರಯತ್ನಿಸುವುದು ಸೂಕ್ತ.

ಹೆರಿಗೆಗೆ ಮುನ್ನ ಈ ಬದಲಾವಣೆ ಮಾಡುವುದಾದರೆ ಕೆಲವು ತಿಂಗಳು ಮುಂಚಿತವಾಗಿಯೇ ಆರಂಭಿಸತಕ್ಕದ್ದು. ತಮ್ಮನೋ ತಂಗಿಯೋ ಮನೆಗೆ ಬಂದ ದಿನವೇ ಹಾಸಿಗೆ ಬೇರೆಯಾದರೆ, ತನ್ನ ಸ್ಥಾನವನ್ನು ಕಿತ್ತುಕೊಳ್ಳಲಾಯಿತೆಂದು ಹಿರಿಯ ಮಗು ಭಾವಿಸುವುದು ಸಹಜ.

ಭಯದ ಬಗ್ಗೆ

ಎರಡು ಮೂರು ವರ್ಷದ ನಂತರ ಮಗುವಿನ ಕಲ್ಪನಾಶಕ್ತಿ ಚಿಗುರುತ್ತದೆ, ಆದರೆ ಕಲ್ಪಿಸಿದ್ದು ಯಾವುದು, ನಿಜ ಯಾವುದು ಎಂಬ ವಿವೇಚನೆ ಇನ್ನೂ ಬಲಿತಿರುವುದಿಲ್ಲ. ಆದುದರಿಂದ ಕತ್ತಲೆಯ ಭಯವು ಹಟವಲ್ಲ, ನಟನೆಯೂ ಅಲ್ಲ.

ಈ ಭಯದ ಒಂದು ಪಾಲನ್ನು ಹಿರಿಯರೇ ಬಿತ್ತಿರುತ್ತಾರೆ ಎಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ. ರಾತ್ರಿ ಎಂಟು ಗಂಟೆಗೆ ತುತ್ತು ನುಂಗಿಸಲು “ಗುಮ್ಮ ಬರುತ್ತಾನೆ” ಎಂದು ಹೆದರಿಸಿ, ಒಂಬತ್ತು ಗಂಟೆಗೆ ಅದೇ ಮಗುವನ್ನು ಕತ್ತಲೆ ಕೋಣೆಗೆ ಕಳುಹಿಸಿದರೆ ಅದು ಹೇಗೆ ತಾನೇ ಮಲಗೀತು? ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಅಂಜಿ ತಾಯಿಯನ್ನು ಅಂಗಲಾಚುತ್ತಾನೆ. ಗುಮ್ಮ, ಪೊಲೀಸ್, ಇಂಜೆಕ್ಷನ್ ಮುಂತಾದ ಬೆದರಿಕೆಗಳನ್ನು ಮನೆಯಲ್ಲಿ ಎಲ್ಲರೂ ಸಂಪೂರ್ಣವಾಗಿ ಕೈಬಿಡುವುದು ಮೊದಲ ಹೆಜ್ಜೆಯಾಗಿರುತ್ತದೆ. ದೊಡ್ಡವರ ಪಕ್ಕದಲ್ಲಿ ಕುಳಿತು ಅಪರಾಧ, ದೆವ್ವಗಳ ಧಾರಾವಾಹಿ ನೋಡುವುದೂ ಇದಕ್ಕೆ ಸೇರುತ್ತದೆ.

ಮಂಚದ ಕೆಳಗೆ ಏನೋ ಇದೆಯೆಂದು ಮಗು ಹೇಳಿದರೆ ಒಮ್ಮೆ ಜೊತೆಯಾಗಿ ನೋಡಬಹುದು. ಪ್ರತಿ ರಾತ್ರಿ ಟಾರ್ಚ್ ಹಿಡಿದು ಹುಡುಕಿದರೆ, ಹುಡುಕಲು ಅಲ್ಲಿ ಏನೋ ಇದೆ ಎಂದೇ ಅದು ತಿಳಿಯುತ್ತದೆ. ಇದರ ಬದಲು ಜೀರೋ ಬಲ್ಬು ಉರಿಸುವುದು, ಬಾಗಿಲನ್ನು ಅರೆತೆರೆದಿಡುವುದು, ಹಗಲಿನಲ್ಲಿ ಅದೇ ಕೋಣೆಯಲ್ಲಿ ಆಟವಾಡಿಸುವುದು ಹಾಗೂ ತಾಯಿಯ ಹಳೆಯ ಸೀರೆಯ ಹೊದಿಕೆಯನ್ನು ನೀಡುವುದು ಒಳ್ಳೆಯದು.

ಅನುಸರಿಸಬಹುದಾದ ಕ್ರಮ

ನಿದ್ರೆಯು ಸುತ್ತುಸುತ್ತಾಗಿ ಸಾಗುತ್ತದೆ. ಪ್ರತಿ ಸುತ್ತಿನ ಕೊನೆಯಲ್ಲಿ ಮಕ್ಕಳೂ ದೊಡ್ಡವರೂ ಕ್ಷಣಕಾಲ ಎಚ್ಚರವಾಗುವುದು ಸಾಮಾನ್ಯ. ತಾಯಿಯ ಕೈ ಹಿಡಿದು ನಿದ್ರೆಗೆ ಜಾರಿದ ಮಗು ನಡುರಾತ್ರಿಯಲ್ಲಿ ಆ ಕೈಯನ್ನೇ ಹುಡುಕುತ್ತದೆ. ನಿದ್ರೆ ಬಂದ ಮೇಲೆ ಎತ್ತಿಕೊಂಡು ಹೋಗಿ ಬೇರೆ ಕೋಣೆಯಲ್ಲಿ ಮಲಗಿಸುವ ಉಪಾಯ ಬಹುತೇಕ ವಿಫಲವಾಗುವುದು ಇದೇ ಕಾರಣಕ್ಕೆ. ಮಗುವು ತೂಕಡಿಸುತ್ತಿರುವಾಗ, ಆದರೆ ಇನ್ನೂ ಎಚ್ಚರವಿರುವಾಗ ತನ್ನ ಹಾಸಿಗೆಗೆ ಹೋಗಬೇಕು.

ಊಟ, ಹಲ್ಲುಜ್ಜುವುದು, ಮೂತ್ರ ವಿಸರ್ಜನೆ, ಒಂದು ಕಥೆ, ನಂತರ ದೀಪ ಆರಿಸುವುದು, ಈ ಅನುಕ್ರಮ ಪ್ರತಿದಿನ ಒಂದೇ ಆಗಿರಲಿ. ಮಲಗುವ ಒಂದು ಗಂಟೆ ಮುನ್ನ ಟಿ.ವಿ. ಹಾಗೂ ಮೊಬೈಲ್ ನಿಲ್ಲಿಸತಕ್ಕದ್ದು. ಮೊದಲ ಕೆಲವು ರಾತ್ರಿ ಪೋಷಕರು ಹಾಸಿಗೆಯ ಪಕ್ಕದಲ್ಲಿ ಕುಳಿತಿರಬಹುದು. ನಂತರ ಕುರ್ಚಿಯನ್ನು ಸ್ವಲ್ಪ ದೂರಕ್ಕೆ, ಆಮೇಲೆ ಬಾಗಿಲಿನ ಬಳಿಗೆ ಸರಿಸುತ್ತಾ ಬರಬಹುದು. “ಐದು ನಿಮಿಷ ಬಿಟ್ಟು ಬರುತ್ತೇನೆ” ಎಂದು ಹೇಳಿದರೆ ಬರಲೇಬೇಕು. ಒಮ್ಮೆ ಮಾತು ತಪ್ಪಿದರೆ ಮರುದಿನ ಮಗು ನಂಬುವುದಿಲ್ಲ.

ನಡುರಾತ್ರಿ ಎದ್ದು ಬಂದ ಮಗುವನ್ನು ಗದರಿಸದೆ, ಹೆಚ್ಚು ಮಾತಿಲ್ಲದೆ ಅದರ ಹಾಸಿಗೆಗೆ ಮರಳಿ ಕರೆದೊಯ್ಯಬೇಕು. ಒಂದು ರಾತ್ರಿ ಬೈದು, ಮರುರಾತ್ರಿ ಪಕ್ಕಕ್ಕೆ ಎಳೆದುಕೊಂಡರೆ, ಇನ್ನಷ್ಟು ಹೊತ್ತು ಅತ್ತರೆ ಸಾಕೆಂಬ ಪಾಠವನ್ನು ಮಗು ಕಲಿಯುತ್ತದೆ. ಆದುದರಿಂದ ಮನೆಯ ಹಿರಿಯರೆಲ್ಲರೂ ಮೊದಲೇ ಒಮ್ಮತಕ್ಕೆ ಬರುವುದು ಅಗತ್ಯ. ಅಜ್ಜಿ ತಾತಂದಿರ ಮನಸ್ಸು ಬೇಗ ಕರಗುತ್ತದೆ. ಅವರನ್ನು ದೂರುವ ಬದಲು, ಕೆಲವು ತಿಂಗಳು ಅಜ್ಜಿಯೇ ಆ ಕೋಣೆಯಲ್ಲಿ ಮಲಗುವ ಮಧ್ಯಂತರ ವ್ಯವಸ್ಥೆ ಮಾಡಿಕೊಳ್ಳಬಹುದು. ಜ್ವರ ಬಂದಾಗ ಮಗುವಿನ ಬಳಿಯಲ್ಲಿಯೇ ಇದ್ದು, ಗುಣವಾದ ನಂತರ ಪುನಃ ಆರಂಭಿಸಬಹುದು.

ಕೋಣೆಯ ಸುರಕ್ಷತೆ

ಒಳಗಿನ ಚಿಲಕ ಮಗುವಿನ ಕೈಗೆ ಎಟುಕದಂತಿರಬೇಕು. ಬೀರುವನ್ನು ಗೋಡೆಗೆ ಭದ್ರಪಡಿಸಬೇಕು. ಸೊಳ್ಳೆ ಬತ್ತಿಗಿಂತ ಸೊಳ್ಳೆ ಪರದೆ ಕ್ಷೇಮಕರ. ಸೊಳ್ಳೆ ನಿವಾರಕ ದ್ರವದ ಬಾಟಲಿಯನ್ನು ಮಗುವಿಗೆ ಸಿಗದಂತೆ ಇಡತಕ್ಕದ್ದು.

ರಾತ್ರಿ ಬೆಚ್ಚಿಬೀಳುವುದು

ಮಲಗಿದ ಮೊದಲ ಕೆಲವು ಗಂಟೆಗಳಲ್ಲಿ ಮಗುವು ಚೀರಿ ಎದ್ದು ಕುಳಿತು, ಯಾರನ್ನೂ ಗುರುತಿಸದೆ ಹೋದರೆ ಅದು ಗಾಢ ನಿದ್ರೆಯಲ್ಲಿ ಉಂಟಾಗುವ ಬೆಚ್ಚುವಿಕೆ. ಅಲುಗಾಡಿಸಿ ಎಬ್ಬಿಸದೆ, ಬೀಳದಂತೆ ಕಾಯ್ದರೆ ಸಾಕು. ಬೆಳಿಗ್ಗೆ ಅದಕ್ಕೆ ನೆನಪಿರುವುದಿಲ್ಲ. ಬೆಳಗಿನ ಜಾವದ ಕೆಟ್ಟ ಕನಸು ಇದಕ್ಕಿಂತ ಭಿನ್ನ. ಆಗ ಮಗು ಪೂರ್ಣ ಎಚ್ಚರಗೊಂಡು ಕನಸನ್ನು ಹೇಳುತ್ತದೆ, ಅದಕ್ಕೆ ಸಾಂತ್ವನ ಬೇಕು. ಐದು ವರ್ಷದೊಳಗೆ ಹಾಸಿಗೆ ಒದ್ದೆ ಮಾಡುವುದು ಸಾಮಾನ್ಯವಾಗಿದ್ದು, ಅದಕ್ಕಾಗಿ ಶಿಕ್ಷಿಸಬಾರದು. ನಿತ್ಯವೂ ಜೋರಾಗಿ ಗೊರಕೆ ಹೊಡೆಯುವ, ನಿದ್ರೆಯಲ್ಲಿ ಉಸಿರು ಕಟ್ಟಿದಂತಾಗುವ ಮಗುವನ್ನು ವೈದ್ಯರಿಗೆ ತೋರಿಸಬೇಕು.

ಪೋಷಕರು ವಿಶೇಷವಾಗಿ ಗಮನಿಸಬೇಕಾದ ಅಂಶ

ಹಲವು ತಿಂಗಳು ಒಂಟಿಯಾಗಿ ನೆಮ್ಮದಿಯಿಂದ ಮಲಗುತ್ತಿದ್ದ ಮಗುವು ಇದ್ದಕ್ಕಿದ್ದಂತೆ ನಿರಾಕರಿಸಿದರೆ, ನಿರ್ದಿಷ್ಟ ವ್ಯಕ್ತಿಯನ್ನು ಕಂಡು ಮುದುಡಿದರೆ ಅಥವಾ ಬಟ್ಟೆ ಬದಲಿಸಲು ಹೆದರಿದರೆ, ಅದನ್ನು ಹಟವೆಂದು ತಳ್ಳಿಹಾಕಬಾರದು. ಒಂಟಿಯಾಗಿ ಮಲಗಿಸುವ ಪ್ರಯತ್ನವನ್ನು ತಕ್ಷಣ ನಿಲ್ಲಿಸಿ, ಮಗುವನ್ನು ಹತ್ತಿರ ಮಲಗಿಸಿಕೊಂಡು, ಪ್ರಶ್ನೆಗಳ ಸುರಿಮಳೆಗರೆಯದೆ ಅದು ಹೇಳುವುದನ್ನು ಕೇಳಬೇಕು. ಮಗುವಿನ ಮೇಲೆ ದೌರ್ಜನ್ಯ ನಡೆದಿರುವ ಶಂಕೆಯಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದಾಗಿದೆ.