ಪಡ್ಡಿನ ಕಾವಲಿಗೆ ವಿದ್ಯುತ್ ಬಂದ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಗೆ ಅಮೆರಿಕದಲ್ಲಿರುವ ತಂಗಿಯ ಮಗಳು ಒಂದು ಉಪಕರಣ ತಂದಳು. ಮುಚ್ಚಳವಿರುವ ಪುಟ್ಟ ಪೆಟ್ಟಿಗೆ. ತೆರೆದರೆ ಕೆಳಗೆ ಹನ್ನೆರಡು, ಮುಚ್ಚಳದಲ್ಲಿ ಹನ್ನೆರಡು ಅರ್ಧಗೋಳದ ಕುಳಿಗಳು. ಹಿಟ್ಟು ಹೊಯ್ದು ಮುಚ್ಚಿದರೆ ಐದಾರು ನಿಮಿಷಗಳಲ್ಲಿ ತುತ್ತಿಗೊಂದರಂತೆ ಹನ್ನೆರಡು ಕೇಕಿನ ಉಂಡೆಗಳು ಸಿದ್ಧವಾಗುತ್ತವೆ ಎಂದಳು. ಮಕ್ಕಳು ಸುತ್ತ ನೆರೆದರು. ಹಿಟ್ಟು ಕಲಸಿದ್ದಾಯಿತು. ಪಿನ್ನು ಹೊಂದಲಿಲ್ಲವೆಂದು ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಹಾಕಿದವನು ನಾನೇ. ಅರ್ಧ ನಿಮಿಷದಲ್ಲಿ ಸುಟ್ಟ ವಾಸನೆ ಬಂತು. ‘ಟಪ್’ ಎಂದು ಫ್ಯೂಸು ಹೋಗಿ ಮನೆ ಕತ್ತಲಾಯಿತು.

ಉಪಕರಣ 120 ವೋಲ್ಟಿನದು. ನಮ್ಮ ಮನೆಯ ವಿದ್ಯುತ್ 230 ವೋಲ್ಟಿನದು. ತಂತಿಯಲ್ಲಿ ಹುಟ್ಟುವ ಶಾಖ ವಿಭವಾಂತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ 800 ವಾಟ್ ಆಗಬೇಕಾದಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು, ಎಂದರೆ ಸುಮಾರು 2,900 ವಾಟ್ ಹುಟ್ಟಿತ್ತು. ಇಪ್ಪತ್ತೈದು ವರ್ಷ ಇದೇ ಪಾಠ ಮಾಡಿದವನ ಕೈಯಲ್ಲೇ ಹೀಗಾಯಿತು!

ಕಲಸಿದ ಹಿಟ್ಟು ಉಳಿದಿತ್ತು. ನನ್ನ ಶ್ರೀಮತಿ ಮಾತಾಡದೆ ಅಟ್ಟದಿಂದ ಅಮ್ಮನ ಪಡ್ಡಿನ ಕಾವಲಿಯನ್ನು ಇಳಿಸಿದರು. ಮೇಣದಬತ್ತಿಯ ಬೆಳಕಿನಲ್ಲಿ, ಗ್ಯಾಸಿನ ಸಣ್ಣ ಉರಿಯಲ್ಲಿ, ಕಡ್ಡಿಯಿಂದ ಒಂದೊಂದನ್ನೂ ಮಗುಚಿ ಕೇಕಿನ ಉಂಡೆಗಳನ್ನು ತೆಗೆದರು. ಮಕ್ಕಳು ಒಂದನ್ನೂ ಬಿಡಲಿಲ್ಲ. ಹಾಗಾದರೆ ಆ ಪೆಟ್ಟಿಗೆಯಲ್ಲಿ ಹೊಸದೇನಿತ್ತು? ನೋಡೋಣ.

ಕುಳಿಯ ಗುಟ್ಟು

ಬಯಲುಸೀಮೆಯಲ್ಲಿ ಪಡ್ಡು, ಗುಂಡುಪಂಗಳ; ಮಲೆನಾಡು, ಕರಾವಳಿಗಳಲ್ಲಿ ಗುಳಿಯಪ್ಪ, ಅಪ್ಪ. ಹೆಸರು ಹಲವು, ಕಾವಲಿ ಒಂದೇ. ಬಳಪದ ಕಲ್ಲಿನದೂ ಉಂಟು, ಬೀಡಿನದೂ ಉಂಟು. ಇದು ನಮ್ಮೊಬ್ಬರ ಸೊತ್ತೇನೂ ಅಲ್ಲ. ಡೆನ್ಮಾರ್ಕಿನ ಏಬ್ಲೆಸ್ಕೀವರ್, ಹಾಲೆಂಡಿನ ಪೊಫರ್ಚೆಸ್, ಥಾಯ್ಲೆಂಡಿನ ಖನೋಮ್ ಕ್ರೋಕ್ ಇವೆಲ್ಲ ಕುಳಿಯ ಕಾವಲಿಯಲ್ಲೇ ಬೇಯುತ್ತವೆ. ಜಪಾನಿನ ಒಸಾಕಾ ನಗರದಲ್ಲಿ 1935ರಲ್ಲಿ ಬಂದ ತಕೊಯಾಕಿಯೂ ಅಷ್ಟೆ.

ಇಷ್ಟು ದೂರದೂರದ ಜನಕ್ಕೆ ಇದೇ ಆಕಾರ ಏಕೆ ಒಗ್ಗಿತು? ಫ್ರಾನ್ಸಿನ ಗಣಿತಜ್ಞ ಫೂರಿಯೇ 1822ರಲ್ಲಿ ಪ್ರಕಟಿಸಿದ ಉಷ್ಣವಹನದ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿದೆ. ಶಾಖ ವಸ್ತುವಿನ ಒಳಗನ್ನು ತಲುಪಲು ಬೇಕಾದ ಕಾಲ ಅದು ಸಾಗಬೇಕಾದ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನಾಲ್ಕು ಸೆಂಟಿಮೀಟರ್ ವ್ಯಾಸದ ಉಂಡೆಯಲ್ಲಿ ಶಾಖ ಎರಡೇ ಸೆಂಟಿಮೀಟರ್ ಸಾಗಿದರೆ ನಡುಭಾಗ ಸಿಕ್ಕಿತು. ಐದಾರು ನಿಮಿಷ ಸಾಕು. ಅದರ ಇಮ್ಮಡಿ ಗಾತ್ರದ ಉಂಡೆಗೆ ಇಮ್ಮಡಿಯಲ್ಲ, ನಾಲ್ಕು ಪಟ್ಟು ಕಾಲ ಬೇಕು. ಅಷ್ಟರಲ್ಲಿ ಹೊರಗು ಕರಿಯಾಗಬಾರದೆಂದರೆ ಉರಿಯನ್ನು ತಗ್ಗಿಸಬೇಕು, ಕಾಲ ಮತ್ತೂ ಹೆಚ್ಚುತ್ತದೆ. ಒಲೆಯ ಉರಿಯನ್ನು ಹದದಲ್ಲಿಡುವುದು ಕಷ್ಟವಾಗಿದ್ದ ಕಾಲದಲ್ಲಿ ಹಿಟ್ಟನ್ನು ಚಿಕ್ಕ ಕುಳಿಗಳಿಗೆ ಹಂಚಿದ್ದು ಜಾಣತನ.

ಮೇಲೂ ಕೆಂಡ, ಕೆಳಗೂ ಕೆಂಡ

ಕಾವಲಿಗೆ ಕೆಳಗಿನಿಂದ ಮಾತ್ರ ಶಾಖ. ಆದ್ದರಿಂದ ಮಗುಚಬೇಕು. ಮಗುಚದೆ ಬೇಯಿಸುವ ದಾರಿಯೂ ನಮ್ಮವರಿಗೆ ಗೊತ್ತಿತ್ತು. 16ನೆಯ ಶತಮಾನದ ಆರಂಭದಲ್ಲಿದ್ದ ಕಲ್ಲಹಳ್ಳಿಯ 3ನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಎಂಬ ಪಾಕಗ್ರಂಥ ಬರೆದಿದ್ದಾನೆ. ಎರಡು ತಟ್ಟೆಗಳ ನಡುವೆ ಕಣಕವನ್ನಿಟ್ಟು ಮೇಲೂ ಕೆಳಗೂ ಕೆಂಡ ಹಾಕಿ ಬೇಯಿಸುವ ಮುಚ್ಚಳ ರೊಟ್ಟಿ ಅದರಲ್ಲಿ ಬರುತ್ತದೆ. ಗೋವೆಯ ಬಿಬಿಂಕಾವನ್ನೂ ಮೇಲೆ ಕೆಂಡವಿಟ್ಟೇ ಬೇಯಿಸುತ್ತಿದ್ದರು. ಈಗಿನ ಪೆಟ್ಟಿಗೆ ಮಾಡುವುದು ಇಷ್ಟೆ: ಪಡ್ಡಿನ ಕುಳಿಗೆ ಮುಚ್ಚಳ ರೊಟ್ಟಿಯ ಉಪಾಯವನ್ನು ಕೂಡಿಸುವುದು.

ಇನ್ನು ಹಿಟ್ಟು ಉಬ್ಬುವ ವಿಚಾರ. ಪಡ್ಡಿನ ಹಿಟ್ಟನ್ನು ರಾತ್ರಿಯಿಡೀ ಸೂಕ್ಷ್ಮಜೀವಿಗಳು ಹುದುಗಿಸುತ್ತವೆ. ಕೇಕಿಗೆ ಅಷ್ಟು ವ್ಯವಧಾನವಿಲ್ಲ. ಅದಕ್ಕೆ ಬೇಕಿಂಗ್ ಪೌಡರು. ಇಲ್ಲೂ ಭೌತವಿಜ್ಞಾನಿಯೊಬ್ಬನ ನೆರಳಿದೆ. ಫಿರಂಗಿ ಕೊರೆಯುವಾಗ ಹುಟ್ಟುವ ಶಾಖವನ್ನು ಗಮನಿಸಿ ಶಾಖವೆಂದರೆ ಚಲನೆಯೇ ಎಂದು 1798ರಲ್ಲಿ ವಾದಿಸಿದ ಕೌಂಟ್ ರಮ್‌ಫೋರ್ಡ್, ಅಡಿಗೆ ಒಲೆಗಳನ್ನೂ ಸುಧಾರಿಸಿದವನು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವನ ಹೆಸರಿನ ಪೀಠದಲ್ಲಿದ್ದ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಬೇಕಿಂಗ್ ಪೌಡರಿಗೆ ಬೇಕಾದ ಫಾಸ್ಫೇಟಿಗೆ ಪೇಟೆಂಟ್ ಪಡೆದ. ಒಂದು ಗ್ರಾಂ ಅಡಿಗೆ ಸೋಡಾ ಆಮ್ಲದೊಡನೆ ಪೂರ್ತಿ ವರ್ತಿಸಿದರೆ ಸುಮಾರು 290 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಕೆಳಗಿನ ಕುಳಿಗೆ ಮಾತ್ರ ಹೊಯ್ದ ಹಿಟ್ಟು ಮೇಲಿನ ಕುಳಿಯನ್ನೂ ತುಂಬುವುದು ಈ ಅನಿಲ, ಹಿಟ್ಟಿನೊಳಗಿನ ಗಾಳಿ ಮತ್ತು ಹಬೆಯಿಂದ.

ಕೆಂಡದಿಂದ ತಂತಿಗೆ

ವಿದ್ಯುತ್ತು ಶಾಖವಾಗುವ ನಿಯಮವನ್ನು ಜೂಲ್ 1841ರ ವೇಳೆಗೆ ತಿಳಿಸಿದ್ದ. ಆದರೂ ವಿದ್ಯುತ್ ಒಲೆ ಮನೆಮನೆಗೆ ಬರಲು ಬಹಳ ಕಾಲ ಹಿಡಿಯಿತು. ಕೆಂಪಗೆ ಕಾದ ಕಬ್ಬಿಣದ ತಂತಿ ಗಾಳಿಯಲ್ಲಿ ಬೇಗ ಉತ್ಕರ್ಷಣಗೊಂಡು ತುಂಡಾಗುತ್ತದೆ. ಪ್ಲಾಟಿನಮ್ಮಿಗೆ ಬೆಲೆ ಹೆಚ್ಚು. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಮ್‌ಗಳ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದ ಮೇಲೆ ದಾರಿ ತೆರೆಯಿತು. ಕಾದಾಗ ಬಾಗಿ ಸಂಪರ್ಕ ಕಡಿಯುವ ದ್ವಿಲೋಹ ಪಟ್ಟಿಯ ಥರ್ಮೋಸ್ಟಾಟಿಗೆ ಆಂಡ್ರೂ ಯೂರ್ 1830ರಲ್ಲೇ ಪೇಟೆಂಟ್ ಪಡೆದಿದ್ದ. ಅಂಟದ ಲೇಪನವಾದ ಟೆಫ್ಲಾನ್ 1938ರಲ್ಲಿ ಆಕಸ್ಮಿಕವಾಗಿ ದೊರೆಯಿತು. ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿ, ಕೇಕಿನ ಉಂಡೆ ಮಾಡುವ ಉಪಕರಣವಾಗಿ ಅಮೆರಿಕದ ಪೇಟೆಯಲ್ಲಿ ಹರಡಿದ್ದು 2010ರ ಆಸುಪಾಸಿನಲ್ಲಿ.

ಹಾಗಾದರೆ ಹೊಸದು ಯಾವುದು? ಆಕಾರವಲ್ಲ, ಉಪಾಯವೂ ಅಲ್ಲ. ಉರಿಯನ್ನು ಕಾಯುವ ಕೆಲಸ ಮನುಷ್ಯರ ಕೈಯಿಂದ ತಪ್ಪಿತು, ಅದೇ ಹೊಸದು. ಅದು ಸಣ್ಣ ಸಂಗತಿಯಲ್ಲ. ನನ್ನ ಅಮ್ಮ ಊದುಗೊಳವೆ ಹಿಡಿದು ಹಸಿ ಸೌದೆಯ ಹೊಗೆಯಲ್ಲಿ ಪಡ್ಡು ಮಗುಚುತ್ತಿದ್ದರು. ನಮಗೆ ಬಿಸಿ ಪಡ್ಡು ಸಿಕ್ಕಿತು, ಅವರಿಗೆ ಕೆಮ್ಮು ಉಳಿಯಿತು. ಆ ಒಲೆಯನ್ನು ನೆನೆದು ‘ಹಿಂದಿನದೇ ಚೆನ್ನ’ ಎಂದು ನಾನು ಎಂದೂ ಹೇಳಲಾರೆ.

ಹೊಗೆ ಹೋದಾಗ ಇನ್ನೊಂದೂ ಕಣ್ಮರೆಯಾಯಿತು. ಸೌದೆ ಎಷ್ಟು ಉರಿಯಿತೆಂಬುದು ಅಮ್ಮನಿಗೆ ಕಾಣುತ್ತಿತ್ತು. ನಮಗೆ ಕಾಣುವುದು ಒಂದು ಪುಟ್ಟ ಕೆಂಪು ದೀಪ ಮಾತ್ರ. 800 ವಾಟಿನ ಪೆಟ್ಟಿಗೆ ಕಾಯುವುದೂ ಸೇರಿ ಹನ್ನೆರಡು ನಿಮಿಷ ನಡೆದರೆ 0.16 ಯೂನಿಟ್. ಗ್ರಿಡ್ಡಿನಲ್ಲಿ ಎಲ್ಲ ವಿದ್ಯುತ್ತೂ ಬೆರೆತಿರುತ್ತದೆ. ಆದರೂ ಲೆಕ್ಕಕ್ಕಾಗಿ ಇದು ಶರಾವತಿ ವಿದ್ಯುದಾಗಾರದ್ದೆಂದು ಭಾವಿಸೋಣ. ಅಲ್ಲಿ ನೀರು ಸುಮಾರು 440 ಮೀಟರ್ ಇಳಿಯುತ್ತದೆ. ಒಂದು ಯೂನಿಟ್ಟಿಗೆ ಸುಮಾರು ಸಾವಿರ ಲೀಟರ್ ನೀರು ಬೇಕು. ಅಂದರೆ ಹನ್ನೆರಡು ಉಂಡೆಗಳಿಗೆ 150 ಲೀಟರಿಗೂ ತುಸು ಹೆಚ್ಚು, ಹತ್ತು ಕೊಡ ನೀರು! ಅದೇ, ದೊಡ್ಡ ಓವನ್ನಿನಲ್ಲಿ ಮುಕ್ಕಾಲು ಗಂಟೆ ಬೇಯುವ ಕೇಕು ಒಂದು ಯೂನಿಟ್ಟಿನಷ್ಟು ಬೇಡುವುದುಂಟು. ಹತ್ತು ಹನ್ನೆರಡು ತುತ್ತು ಸಾಕಾದ ಸಂಜೆ ಚಿಕ್ಕ ಕುಳಿಗಳೇ ಲಾಭ.

ಆ ನೀರು ನಿಂತಿರುವುದು ಎಲ್ಲಿ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ನಮ್ಮ ಜಿಲ್ಲೆಯ ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟಗಳು ಮುಳುಗಿದವು. ನೆಲೆ ಕಳೆದುಕೊಂಡವರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳ ಕಾಲ ಎಳೆಯಿತು. ಅಂಥ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿದ್ದರು. ಅವರ ಮುಂದೆ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸುವಾಗ ‘ನೀರಿನ ವಿಭವ ಶಕ್ತಿ’ ಎಂದು ಬರೆದು ಮುಂದಕ್ಕೆ ಹೋಗಿಬಿಡುವುದು ನನಗೆ ಸುಲಭವಾಗಲಿಲ್ಲ.

ಆಮೇಲೆ ನಾವು 230 ವೋಲ್ಟಿನ ಪೆಟ್ಟಿಗೆಯನ್ನೇ ಕೊಂಡೆವು. ಕರೆಂಟು ಹೋದ ದಿನ ಅಮ್ಮನ ಕಾವಲಿ ಇಳಿಯುತ್ತದೆ. ನೀವೂ ಇಂಥ ಉಪಕರಣ ತಂದರೆ ಸ್ವಿಚ್ ಹಾಕುವ ಮೊದಲು ಅದರ ತಳದಲ್ಲಿ ಅಂಟಿಸಿರುವ ಪುಟ್ಟ ಫಲಕವನ್ನು ಓದಿ. ಅದರಲ್ಲಿ ವೋಲ್ಟೂ ಇರುತ್ತದೆ, ವಾಟೂ ಇರುತ್ತದೆ. ಮೊದಲನೆಯದು ಫ್ಯೂಸನ್ನು ಉಳಿಸುತ್ತದೆ. ಎರಡನೆಯದರಿಂದ ನಿಮ್ಮ ಮನೆಯ ಮಕ್ಕಳು ಎಷ್ಟು ಕೊಡ ನೀರೆಂಬ ಲೆಕ್ಕ ಮಾಡಲಿ. ಕೇಕು ಬೇಯುವಷ್ಟರಲ್ಲಿ ಮುಗಿಯುತ್ತದೆ.