ಕಲ್ಪತರು ನಾಡಿನ ಸಮುದಾಯ ಸೇವೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಲಾಭದ ಉದ್ದೇಶವಿಲ್ಲದ ಸೇವಾಕಾರ್ಯಗಳೂ ಅವುಗಳನ್ನು ನಡೆಸಲು ಊರವರು ಕೊಡುವ ವಂತಿಗೆ, ಶ್ರಮದಾನಗಳೂ ಬೆಳೆದುಬಂದ ಬಗೆ. ತೆಂಗು ಈ ಸೀಮೆಯ ಮುಖ್ಯ ಬೆಳೆ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿ, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ತರುವುದು ರೂಢಿ. ಹೀಗೆ ಕೊಬ್ಬರಿ ಮಾರಿದಾಗ ಬೆಳೆಗಾರರ ಕೈಗೆ ಹಣ ಬರುವುದರಿಂದ ಇಲ್ಲಿಯ ದಾನಧರ್ಮಕ್ಕೂ ಕೊಬ್ಬರಿಯ ಧಾರಣೆಗೂ ನೇರ ನಂಟಿದೆ.

ಪ್ರಾಚೀನ ರೂಪಗಳು: ದೇವಾಲಯ, ಅಗ್ರಹಾರ ಮತ್ತು ಕೆರೆಗಳಿಗೆ ಬಿಟ್ಟ ದತ್ತಿಗಳು ಇಲ್ಲಿಯ ಸಂಘಟಿತ ದಾನದ ಹಳೆಯ ರೂಪಗಳು. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ ಸೋಮಣ್ಣ ದಂಡನಾಯಕ ತುರುವೇಕೆರೆಯಲ್ಲಿ 1263ರಲ್ಲಿ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದ. ಮೈಸೂರು ಸೀಮೆಯಲ್ಲಿ ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆಯಾಗಿ ಭೂಮಿ ಸಲ್ಲುತ್ತಿತ್ತು. ನೀರು ಹಂಚುವ ನೀರುಗಂಟಿಗೆ ಅಚ್ಚುಕಟ್ಟಿನ ರೈತರು ದವಸ ಅಳೆಯುತ್ತಿದ್ದರು. ಹೂಳು ತೆಗೆಯುವ ಕೆಲಸ ಊರವರ ಪಾಲಿನದು. ಹೊಲಗೆಲಸದಲ್ಲಿ ಒಬ್ಬರಿಗೊಬ್ಬರು ದುಡಿದುಕೊಡುವ ಮುಯ್ಯಾಳು ಪದ್ಧತಿಯಲ್ಲಿ ಹಣದ ಮಾತೇ ಇರಲಿಲ್ಲ. ಆದರೆ ಯಾರು ಏನು ಕೊಡಬೇಕು, ಯಾರೊಡನೆ ಕೂಡಿ ದುಡಿಯಬೇಕು ಎಂಬುದನ್ನು ಜಾತಿಯ ಕಟ್ಟುಪಾಡುಗಳೂ ನಿರ್ಧರಿಸುತ್ತಿದ್ದವು.

ಮಠಗಳು: ನೊಣವಿನಕೆರೆಯ ಕಾಡಸಿದ್ಧೇಶ್ವರ ಮಠ ಮತ್ತು ಕೆರೆಗೋಡಿ-ರಂಗಾಪುರದ ಮಠ ತಿಪಟೂರು ತಾಲ್ಲೂಕಿನಲ್ಲಿ ಹೆಸರಾದವು. ಇಡೀ ಜಿಲ್ಲೆಗೆ ಮಾದರಿಯಾದದ್ದು ತುಮಕೂರಿನ ಸಿದ್ಧಗಂಗಾ ಮಠ. ಉದ್ದಾನ ಶಿವಯೋಗಿಗಳು 1917ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. 1941ರಲ್ಲಿ ಮಠಾಧ್ಯಕ್ಷರಾದ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಬೆಳೆಸಿದರು. ಜಾತಿಮತಗಳ ಭೇದವಿಲ್ಲದೆ ಸುಮಾರು 10,000 ಮಕ್ಕಳಿಗೆ ಅಲ್ಲಿ ಉಚಿತ ಊಟ, ವಸತಿ, ಶಿಕ್ಷಣ ದೊರೆಯುವಂತಾಯಿತು. ಸ್ವಾಮಿಗಳು ಹಳ್ಳಿಹಳ್ಳಿಗೆ ಹೋಗಿ ಭಕ್ತರಿಂದ ದವಸಧಾನ್ಯ, ಕಾಣಿಕೆ ಪಡೆಯುತ್ತಿದ್ದರು. ಕೊಟ್ಟವರ ಊರಿನ ಮಕ್ಕಳೇ ಮಠದಲ್ಲಿ ಓದುತ್ತಿದ್ದುದರಿಂದ ದಾನದ ಫಲ ದಾನಿಗಳ ಕಣ್ಣೆದುರಿಗೇ ಇರುತ್ತಿತ್ತು.

ಸಹಕಾರ ಮತ್ತು ಶಿಕ್ಷಣ: ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳಿಗೆ 1905ರಲ್ಲಿ ಕಾನೂನಿನ ಆಧಾರ ದೊರೆಯಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ (1912–18) ಗ್ರಾಮಾಭಿವೃದ್ಧಿ ಯೋಜನೆ ರಸ್ತೆ, ಬಾವಿ, ನೈರ್ಮಲ್ಯಗಳಿಗೆ ಸರ್ಕಾರದ ನೆರವಿನ ಜೊತೆಗೆ ಊರವರ ದುಡಿಮೆಯನ್ನೂ ಕೂಡಿಸಲು ಹೊರಟಿತು. ಸ್ವಾತಂತ್ರ್ಯಾನಂತರ ಶಿಕ್ಷಣವು ಸ್ಥಳೀಯ ಉದಾರಿಗಳ ಮುಖ್ಯ ಕ್ಷೇತ್ರವಾಯಿತು. ತಿಪಟೂರಿನ ಕಲ್ಪತರು ವಿದ್ಯಾಸಂಸ್ಥೆ ಪದವಿ ಕಾಲೇಜುಗಳನ್ನೂ ತಾಂತ್ರಿಕ ಕಾಲೇಜನ್ನೂ ಸ್ಥಾಪಿಸಿತು. ಅದರ ಕಲಾ ಮತ್ತು ವಾಣಿಜ್ಯ ಕಾಲೇಜಿಗೆ ಪಲ್ಲಾಗಟ್ಟಿ ಅಡವಪ್ಪನವರ ಹೆಸರಿದೆ.

ಬೈಫ್: ಮಣಿಭಾಯಿ ದೇಸಾಯಿಯವರು 1967ರಲ್ಲಿ ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆಯ ಕರ್ನಾಟಕ ಶಾಖೆ ತಿಪಟೂರನ್ನು ಕೇಂದ್ರವಾಗಿ ಮಾಡಿಕೊಂಡಿತು. ರೈತರ ಮನೆಬಾಗಿಲಲ್ಲೇ ರಾಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಸೇವೆ ಸಂಸ್ಥೆಯ ಗುರುತು. ಅದಕ್ಕೆ ಮುಂದೆ ಜಲಾನಯನ ಅಭಿವೃದ್ಧಿ, ಕೃಷಿಹೊಂಡ, ಮರ ಆಧಾರಿತ ಕೃಷಿ, ಮಹಿಳಾ ಸಂಘಗಳು ಕೂಡಿಕೊಂಡವು. ತಿಪಟೂರು ತಾಲ್ಲೂಕಿನ ಲಕ್ಕಿಹಳ್ಳಿಯಲ್ಲಿ ಸಂಸ್ಥೆಯ ಕ್ಷೇತ್ರವಿದೆ. ಇದರೊಂದಿಗೆ ಮಠ ಮತ್ತು ಸರ್ಕಾರಗಳಿಗೆ ಹೊರತಾದ, ಸಂಬಳದ ತಜ್ಞರು ಮತ್ತು ಯೋಜನಾ ಅನುದಾನಗಳಿಂದ ನಡೆಯುವ ಸೇವೆಯ ಮಾದರಿ ಈ ಸೀಮೆಯಲ್ಲಿ ನೆಲೆಗೊಂಡಿತು.

ಸ್ವಸಹಾಯ ಸಂಘ ಮತ್ತು ಕೆರೆ: ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲದ ಸಂಪರ್ಕ ಕಲ್ಪಿಸಿತು. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಬಂತು. ಹತ್ತರಿಂದ ಇಪ್ಪತ್ತು ಹೆಂಗಸರು ವಾರವಾರ ಉಳಿತಾಯ ಕೂಡಿಸಿ, ಲೆಕ್ಕ ಬರೆದು, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಈ ಸಂಘಗಳು ಊರಿನ ಸಭೆಗಳಲ್ಲಿ ಅವರಿಗೆ ಜಾಗ ಕೊಟ್ಟವು. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆಯಲ್ಲಿ ತುಮಕೂರು ಜಿಲ್ಲೆಯೂ ಸೇರಿತ್ತು. ಬಳಕೆದಾರರು ಸಂಘ ಕಟ್ಟಿಕೊಂಡು ವೆಚ್ಚದ ಒಂದು ಪಾಲನ್ನು ಹಣ ಅಥವಾ ದುಡಿಮೆಯಾಗಿ ಭರಿಸುವುದು ಅದರ ನಿಯಮ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮ ಊರು ನಮ್ಮ ಕೆರೆ’ ಕಾರ್ಯಕ್ರಮದಲ್ಲಿ ಯಂತ್ರದ ಖರ್ಚು ಸಂಸ್ಥೆಯದು, ಗೋಡು ಸಾಗಿಸುವ ಖರ್ಚು ರೈತರದು. ಕೆರೆಯ ಗೋಡು ತೆಂಗಿನ ತೋಟಕ್ಕೆ ಒಳ್ಳೆಯ ಗೊಬ್ಬರವಾದ್ದರಿಂದ ಇಂಥ ಪಾಲುಗಾರಿಕೆ ತೋಟದ ಸೀಮೆಗೆ ಹೊಂದುತ್ತದೆ.

ಕಾನೂನು ಮತ್ತು ಹಣಕಾಸು: ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಅಥವಾ ಟ್ರಸ್ಟ್‌ಗಳಾಗಿ ನೋಂದಣಿಯಾಗುತ್ತವೆ. ಆದಾಯ ತೆರಿಗೆ ಕಾಯ್ದೆ ದಾನಿಗಳಿಗೆ ರಿಯಾಯಿತಿ ಕೊಡುತ್ತದೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕೆಂದು ವಿಧಿಸಿದ ಬಳಿಕ ಹೊಸ ಮೂಲವೊಂದು ತೆರೆಯಿತು. ಆದರೆ ಹೊರಗಿನ ಹಣಕ್ಕೆ ಅವಧಿಯ ಮಿತಿಯಿರುತ್ತದೆ, ಊರಿನ ವಂತಿಗೆ ಕೊಬ್ಬರಿಯ ಬೆಲೆಯೊಂದಿಗೆ ಏರಿಳಿಯುತ್ತದೆ. ಬರ, 1990ರ ದಶಕದ ಕೊನೆಯಲ್ಲಿ ರಾಜ್ಯಕ್ಕೆ ಕಾಲಿಟ್ಟ ನುಸಿಪೀಡೆ, ಬತ್ತುವ ಕೊಳವೆಬಾವಿಗಳು ಬೆಳೆಗಾರರ ಕೊಡುವ ಶಕ್ತಿಯನ್ನು ಕುಗ್ಗಿಸಿವೆ. ಯೋಜನೆಯ ಹಣ ಮುಗಿದ ಮೇಲೂ ಕೆಲಸ ಮುಂದುವರಿಯಬೇಕಾದರೆ ಊರವರ ಪಾಲು, ಎಲ್ಲರಿಗೂ ಕಾಣುವ ಲೆಕ್ಕ ಮತ್ತು ನಿಯಮಿತ ಸಭೆ ಮೂರೂ ಬೇಕು.